ಪನಿ, ಪಣಿ, ಪಾನಿ

ಬೆಳಗಿನ ಆರು ಗಂಟೆಗೆ ಫೋರ್ಟ್ ಕೊಚ್ಚಿಯ ದಡದಲ್ಲಿ ನಿಂತರೆ ಕಲ್ಲಿಗೆ ಕಲ್ಲು ತಾಗುವ ಸದ್ದು ಮೊದಲು ಕಿವಿಗೆ ಬೀಳುತ್ತದೆ. ಹಗ್ಗಗಳಿಗೆ ಕಟ್ಟಿ ತೂಗುಬಿಟ್ಟ, ತೆಂಗಿನಕಾಯಿಗಿಂತ ದೊಡ್ಡ ಕಲ್ಲುಗಳವು. ಮರದ ಅಟ್ಟಣೆಯ ಮೇಲೆ ನಿಂತ ನಾಲ್ಕೈದು ಮಂದಿ ಒಟ್ಟಾಗಿ ಹಗ್ಗ ಜಗ್ಗಿದಂತೆ ಕಲ್ಲುಗಳು ಒಂದೊಂದಾಗಿ ಕೆಳಗಿಳಿದು ಅಟ್ಟಣೆಯ ಮೇಲೆ ಕೂರುತ್ತವೆ, ಅತ್ತ ಕಡೆ ಬಾಗಿದ ನಾಲ್ಕು ಬೆರಳಿನ ಹಸ್ತವೊಂದು ಮನೆಯಂಗಳದಷ್ಟು ಅಗಲದ ಬಲೆಯನ್ನು ನೀರಿನಿಂದ ಮೆಲ್ಲಗೆ ಮೇಲೆತ್ತುತ್ತದೆ. ನೀರು ಸೋರಿ ಮುಗಿಯುವ ತನಕ ಯಾರೂ ಮಾತಾಡುವುದಿಲ್ಲ. ಬಲೆಯ ಹೊಟ್ಟೆಯಲ್ಲಿ ಹಿಡಿಯಷ್ಟು ಬೆಳ್ಳಿ ಮಿನುಗುತ್ತದೆ, ಜೊತೆಗೊಂದು ಏಡಿ, ಹಸಿರು ಕಳೆ, ಒಂದಿಷ್ಟು ಪ್ಲಾಸ್ಟಿಕ್ಕು. ಜೂನ್ ತಿಂಗಳು. ದೊಡ್ಡ ಟ್ರಾಲ್ ದೋಣಿಗಳಿಗೆ 52 ದಿನಗಳ ನಿಷೇಧ ಇರುವ ಕಾಲವಾದ್ದರಿಂದ ದಡದ ಬೆಕ್ಕುಗಳೆಲ್ಲ ಈ ಬಲೆಗಳನ್ನೇ ನಂಬಿಕೊಂಡು ಬಾಲ ಸುತ್ತಿ ಕೂತಿವೆ.

ಇದಕ್ಕೆ ಮಲಯಾಳದಲ್ಲಿ ಚೀನವಲ ಎನ್ನುತ್ತಾರೆ. ನಮ್ಮ ಬಲೆಯೇ ಅವರ ವಲ. ಬೇರು ಅಲ್ಲಿ ವೇರ್, ಬಾಳೆ ಅಲ್ಲಿ ವಾೞ, ಬೆಳ್ಳಿ ಅಲ್ಲಿ ವೆಳ್ಳಿ, ಬಾ ಎಂದು ಕರೆಯಬೇಕಾದರೆ ವಾ. ಈ ಒಂದು ಕೀಲಿ ಕೈಗೆ ಸಿಕ್ಕಿದರೆ ಕನ್ನಡದವರಿಗೆ ಕೇರಳದ ಸಂತೆಯಲ್ಲಿ ಎಷ್ಟೋ ಬಾಗಿಲು ತೆರೆಯುತ್ತವೆ. ಚೀನವೂ ಇಲ್ಲಿ ಬಲೆಯಲ್ಲಷ್ಟೇ ಉಳಿದಿಲ್ಲ. ಒಗ್ಗರಣೆ ಹಾಕುವ ಬಾಣಲೆ ಇವರಿಗೆ ಚೀನಚ್ಚಟ್ಟಿ, ಉಪ್ಪಿನಕಾಯಿ ತುಂಬಿಡುವ ಪಿಂಗಾಣಿ ಜಾಡಿ ಚೀನಭರಣಿ. ನಮ್ಮ ಕರಾವಳಿಯಲ್ಲಿ ಸಿಹಿಗುಂಬಳವನ್ನು ಚೀನಿಕಾಯಿ ಎನ್ನುತ್ತೇವಲ್ಲ, ಹಾಗೆ. ಈ ಬಲೆಗಳನ್ನು ಚೀನೀಯರೇ ಬಂದು ಕಟ್ಟಿಕೊಟ್ಟರೆಂದು ದಡದವರು ಹೇಳುತ್ತಾರೆ. ಇದರ ಭಾಗಗಳಿಗಿರುವ ಪೋರ್ಚುಗೀಸ್ ಹೆಸರುಗಳನ್ನು ತೋರಿಸಿ, ಮಕಾವಿನಿಂದ ಪೋರ್ಚುಗೀಸರು ತಂದದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಬಲೆ ಯಾರದೇ ಇರಲಿ, 15ನೆಯ ಶತಮಾನದ ಮೊದಲ ದಶಕಗಳಲ್ಲಿ ಚೀನದ ನೌಕಾಧಿಪತಿ ಝೆಂಗ್ ಹೆಯ ಹಡಗುಪಡೆ ಈ ಬಂದರಿಗೆ ಬಂದದ್ದು ನಿಜ, ಅದರಲ್ಲಿ ಮಾ ಹುವಾನ್ ಎಂಬ ದುಭಾಷಿ ಇದ್ದದ್ದೂ ನಿಜ. ಕಂಡದ್ದನ್ನೆಲ್ಲ ಬರೆದಿಟ್ಟ ಪುಣ್ಯಾತ್ಮ. ಮೆಣಸಿನ ವ್ಯಾಪಾರ, ನಾಣ್ಯ, ಜನರ ಪಂಗಡಗಳು, ಎಲ್ಲಕ್ಕಿಂತ ಹೆಚ್ಚಾಗಿ ಮಳೆ. ಹಗಲೂ ಇರುಳೂ ಸುರಿದು ಬೀದಿಯೇ ಹೊಳೆಯಾಗುತ್ತದೆ, ಜನ ಮನೆಯೊಳಗೆ ಕೂತು ಮಳೆಗಾಲ ಮುಗಿಯುವುದನ್ನೇ ಕಾಯುತ್ತಾರೆ ಎಂಬ ಅರ್ಥದಲ್ಲಿ ಅವನು ಬರೆದದ್ದನ್ನು ಓದಿದಾಗ, ಆರುನೂರು ವರ್ಷಗಳಾಚೆ ನಿಂತ ಅವನ ಒದ್ದೆ ಬಟ್ಟೆಯ ವಾಸನೆ ಮೂಗಿಗೆ ತಾಗಿದಂತಾಯಿತು.

ಗೊತ್ತಿಲ್ಲದ ನುಡಿಯ ಊರಿಗೆ ಬಂದಿಳಿದವನು ಮೊದಲ ದಿನ ಏನು ಮಾಡುತ್ತಾನೆ? ಬೆರಳು ತೋರಿಸುತ್ತಾನೆ. ಬೆರಳು ತೋರಿಸಲು ವಸ್ತು ಎದುರಿಗಿಲ್ಲದಿದ್ದರೆ ಚಿತ್ರ ಬೇಕು. ಇಲ್ಲೇ ಪಕ್ಕದ ಮಟ್ಟಾಂಚೇರಿಯ ಪರದೇಶಿ ಸಿನಗಾಗ್‌ನಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ನನಗೆ ತೋಚಿದ್ದು ಇದೇ. 1568ರಲ್ಲಿ ಯಹೂದಿಗಳು ಕಟ್ಟಿದ ಪ್ರಾರ್ಥನಾ ಮಂದಿರ ಅದು. 18ನೆಯ ಶತಮಾನದಲ್ಲಿ ಅದರ ನೆಲಕ್ಕೆ ಹಾಸಿದ್ದು ಚೀನದ ಕ್ಯಾಂಟನ್ನಿನಿಂದ ಬಂದ ಬಿಳಿ ಬಿಲ್ಲೆಗಳು, ಒಂದೊಂದರ ಮೇಲೂ ನೀಲಿ ಬಣ್ಣದಲ್ಲಿ ಕೈಯಾರೆ ಬರೆದ ಚಿತ್ರ. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಅಂಗಾಲಿಗೆ ತಣ್ಣಗೆ ತಾಗುವ ಆ ನೆಲದಲ್ಲಿ ಜೋಲುವ ಮರದ ಕೊಂಬೆಯನ್ನೂ ಹೂವನ್ನೂ ನೋಡುತ್ತಾ ನಡೆಯುವುದೆಂದರೆ ಪುಟ ಮಗುಚಿದಂತೆಯೇ. ಹೊರಗಿನ ಗಡಿಯಾರ ಗೋಪುರದಲ್ಲಿ ಒಂದು ಮುಖಕ್ಕೆ ಹೀಬ್ರೂ ಅಂಕೆ, ಇನ್ನೊಂದಕ್ಕೆ ರೋಮನ್, ಮತ್ತೊಂದಕ್ಕೆ ಮಲಯಾಳ. ಯಾವ ದಿಕ್ಕಿನಿಂದ ಬಂದವನಿಗೂ ಹೊತ್ತು ತಿಳಿಯಲಿ ಎಂದು ಬಗೆದ ಊರು ಇದು.

ಆ ಊರಿಗೆ ಈಗ ಬರುವವರು ರೈಲಿನಲ್ಲಿ ಬರುತ್ತಾರೆ. ಮುರ್ಷಿದಾಬಾದಿನಿಂದ, ನಗಾಂವಿನಿಂದ, ಗಂಜಾಮಿನಿಂದ, ಹಗಲೂ ರಾತ್ರಿಯೂ ಕೂತು. ತಿರುವನಂತಪುರದ ಗುಲಾಟಿ ಹಣಕಾಸು ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿದಾಗಲೇ ಕೇರಳದಲ್ಲಿ ಇಂಥ ದುಡಿಮೆಗಾರರು ಸುಮಾರು 25 ಲಕ್ಷ. ಸರ್ಕಾರಿ ಕಾಗದದಲ್ಲಿ ಇವರು ಅತಿಥಿ ತೊೞಿಲಾಳಿಗಳು, ಬೀದಿಯ ಬಾಯಲ್ಲಿ ಭಾಯಿಗಳು. ಇವರು ಮಲಯಾಳ ಕಲಿಯುವ ಪರಿಯನ್ನು ನೋಡಬೇಕೆಂದೇ ನಾನು ಹೊರಟದ್ದು.

ಮೊದಲು ತಿರುವನಂತಪುರಕ್ಕೆ ಹೋದೆ. ಆಲಪ್ಪುೞದ ದಾರಿಯ ರೈಲು. ಎರಡೂ ಬದಿ ನೀರು, ತೆಂಗು, ನೀರಿಗೆ ಬಾಗಿದ ಮನೆಗಳು, ಹಿತ್ತಿಲ ಮೆಟ್ಟಿಲಲ್ಲಿ ಪಾತ್ರೆ ಬೆಳಗುವ ಹೆಂಗಸರು. ಹರಿಪ್ಪಾಡ್ ದಾಟಿ ಚೇಪ್ಪಾಡ್ ಎಂಬ ಪುಟ್ಟ ನಿಲ್ದಾಣ ಸರಿದು ಹೋದಾಗ ಕಿಟಕಿಗೆ ಹಣೆ ಒತ್ತಿ ನೋಡಿದೆ. ಕಾರ್ತ್ಯಾಯನಿ ಅಮ್ಮನ ಊರು ಅದು. 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಸಾಕ್ಷರತಾ ಮಿಷನ್ನಿನ ಪರೀಕ್ಷೆಗೆ ಕೂತು ನೂರಕ್ಕೆ 98 ಅಂಕ ತೆಗೆದವರು. 2020ರಲ್ಲಿ ದೆಹಲಿಗೆ ಹೋಗಿ ರಾಷ್ಟ್ರಪತಿಗಳಿಂದ ನಾರೀ ಶಕ್ತಿ ಪುರಸ್ಕಾರ ಪಡೆದರು, 2023ರಲ್ಲಿ ತೀರಿಕೊಂಡರು. ಬೋಳು ಕೊರಳು, ಬಿಳಿ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಸ್ಲೇಟಿನ ಮೇಲೆ ಬಾಗಿದ ಬೆನ್ನು: ಪತ್ರಿಕೆಯಲ್ಲಿ ಬಂದ ಅವರ ಚಿತ್ರವನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಯಾಕೆಂದರೆ ಅದರಲ್ಲಿ ನನ್ನ ಅಜ್ಜಿ ಕಾಣುತ್ತಾರೆ. ಒಂದನೆಯ ತರಗತಿಯ ನನ್ನ ಪಾಠಪುಸ್ತಕ ಹಿಡಿದು ನಾನು ಅಜ್ಜಿಗೆ ಅಕ್ಷರ ಕಲಿಸಲು ಹೋಗಿದ್ದೆ. ಮೂರು ದಿನ ಕೂತರು. ನಾಲ್ಕನೆಯ ದಿನ ಯಾರೋ ನೆಂಟರು ಅಂಗಳಕ್ಕೆ ಬಂದದ್ದು ಕಂಡು ಪುಸ್ತಕವನ್ನು ಸೆರಗಿನಡಿ ಸೇರಿಸಿಕೊಂಡರು. ಅವರು ಹೋದ ಮೇಲೆ ನನ್ನ ಕೈಗೆ ವಾಪಸು ಕೊಟ್ಟು, "ನನಗೆಂತಕ್ಕೆ ಮಗಾ ಈ ಬುಗ್ಗೆ, ಗೊಂಬೆ?" ಎಂದರು. ಏಳು ಹೆತ್ತು, ಗದ್ದೆ ನೆಟ್ಟು, ಕೋರ್ಟಿನ ಮೆಟ್ಟಿಲನ್ನೂ ಹತ್ತಿ ಇಳಿದಿದ್ದ ಹೆಂಗಸಿನ ಮಡಿಲಲ್ಲಿ ಬುಗ್ಗೆ ಹಿಡಿದ ಮಗುವಿನ ಚಿತ್ರ ಇಟ್ಟಿದ್ದೆ ನಾನು. ಅಜ್ಜಿಯ ಕತ್ತಿ, ಅಜ್ಜಿಯ ಹಟ್ಟಿ, ಅಜ್ಜಿಯ ಪಟ್ಟೆ ಪುಸ್ತಕ ಅದರಲ್ಲಿ ಇರಲಿಲ್ಲ. ಅವರು ಮತ್ತೆ ಕಲಿಯಲಿಲ್ಲ. ಆ ಸಂಕಟ ನನ್ನೊಳಗೆ ಇನ್ನೂ ಇದೆ.

ತಿರುವನಂತಪುರದ ಕಿೞಕ್ಕೇಕೋಟ್ಟ ಬಸ್ ನಿಲ್ದಾಣದಲ್ಲಿ ಸಂಜೆ ಒಂದು ಗಂಟೆ ಸುಮ್ಮನೆ ನಿಂತಿದ್ದೆ. ಒಂದು ಕಡೆ ಕೋಟೆಯ ಬಾಗಿಲು, ಇನ್ನೊಂದು ಕಡೆ ಚಾಲ ಪೇಟೆಯಿಂದ ತೇಲಿ ಬರುವ ಒಣಮೆಣಸು, ಇಂಗು, ಮಲ್ಲಿಗೆಯ ಬೆರಕೆ ಗಾಳಿ. ಕೆಂಪು ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ, ಬಹಳಷ್ಟರ ಹಣೆಯ ಮೇಲೆ ಮಲಯಾಳದ ದುಂಡಕ್ಷರ ಮಾತ್ರ. ಸಿಮೆಂಟು ಮೆತ್ತಿದ ಪ್ಯಾಂಟಿನ ಹುಡುಗನೊಬ್ಬ ಬಸ್ಸು ಬಂದಾಗಲೆಲ್ಲ ಬೋರ್ಡಿನ ಕಡೆ ನೋಡದೆ ಪಕ್ಕದವರ ಮುಖ ನೋಡುತ್ತಿದ್ದ. ಕೇಳಲು ಸಂಕೋಚ, ಕೇಳದಿದ್ದರೆ ಬಸ್ಸು ತಪ್ಪುತ್ತದೆ. ಇದೇ ಊರಿನಲ್ಲಿ ಕೇರಳ ರಾಜ್ಯ ಸಾಕ್ಷರತಾ ಮಿಷನ್ನಿನ ಕಚೇರಿ ಇದೆ. ಪಾಳಯದಲ್ಲಿ 1829ರಲ್ಲಿ ಹುಟ್ಟಿದ ಗ್ರಂಥಾಲಯ, 1981ರಿಂದ ಮಕ್ಕಳ ಪುಸ್ತಕ ತರುತ್ತಿರುವ ಬಾಲಸಾಹಿತ್ಯ ಸಂಸ್ಥೆ, ಎಲ್ಲ ಇದೇ ಊರಿನಲ್ಲಿ. ಜೂನ್ 19 ಇಲ್ಲಿ ಓದಿನ ದಿನ, ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ. ಓದನ್ನು ಹಬ್ಬದಂತೆ ಆಚರಿಸುವ ನಗರದ ನಡುಮಧ್ಯೆ ಆ ಹುಡುಗ ಜನರ ಮುಖ ಓದುತ್ತಾ ನಿಂತಿದ್ದ.

ಮಿಷನ್ನು ಅವನಂಥವರನ್ನು ಮರೆತಿಲ್ಲ. 2017ರಲ್ಲಿ ಅದು ಶುರು ಮಾಡಿದ ಯೋಜನೆಯ ಹೆಸರು ಚಙ್ಙಾತಿ, ಎಂದರೆ ಗೆಳೆಯ. ನಮ್ಮ ಸಂಗಾತಿ ಎಂಬ ಮಾತು ನೆನಪಾಗುತ್ತದಲ್ಲ. ಅದಕ್ಕೆಂದೇ ಬರೆಸಿದ ಪುಸ್ತಕ 'ಹಮಾರಿ ಮಲಯಾಳಂ', ಹಿಂದಿಯ ಕೈ ಹಿಡಿದು ಮಲಯಾಳಕ್ಕೆ ಕರೆದೊಯ್ಯುವಂಥದ್ದು, ಹೆಸರಿನಲ್ಲೇ ಎರಡು ನುಡಿ ಒಟ್ಟಿಗೆ ಕೂತಿವೆ. ಮೊದಲ ತರಗತಿಗಳು ನಡೆದದ್ದು ಕೊಚ್ಚಿಯಿಂದ ಒಂದೂವರೆ ಗಂಟೆಯ ಬಸ್ಸಿನ ದಾರಿಯಲ್ಲಿರುವ ಪೆರುಂಬಾವೂರಿನಲ್ಲಿ. ನನ್ನ ಭಾನುವಾರ ಅಲ್ಲಿಗೇ ಮೀಸಲು.

ಪೆರುಂಬಾವೂರು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಸಿಗುತ್ತದೆ. ರಬ್ಬರ್ ಮರದ ದಿಮ್ಮಿಯನ್ನು ಹಾಳೆಯಂತೆ ಸುಲಿಯುವಾಗ ಏಳುವ ಹುಳಿ ವಾಸನೆ, ಅದರ ಮೇಲೆ ಪ್ಲೈವುಡ್ಡಿಗೆ ಹಚ್ಚುವ ಅಂಟಿನ ಖಾರ. ವಾರವಿಡೀ ಗರಗಸದ ಸದ್ದಿನಲ್ಲಿರುವ ಊರಿಗೆ ಭಾನುವಾರ ಬೇರೆಯೇ ದನಿ ಬರುತ್ತದೆ. ಪೇಟೆಯ ಗಲ್ಲಿಗಳಲ್ಲಿ ಮೀನಿಗೆ ಬಂಗಾಳಿಯಲ್ಲಿ ಚೌಕಾಶಿ, ಮೊಬೈಲ್ ಅಂಗಡಿಯಿಂದ ಭೋಜ್‌ಪುರಿ ಹಾಡು, ಸಾಸಿವೆ ಎಣ್ಣೆಯಲ್ಲಿ ಏನೋ ಕರಿಯುವ ಹೊಗೆ, ತಗಡಿನ ಕೆಳಗೆ ಸಾಲಾಗಿ ಹಿಡಿದ ಬಣ್ಣಬಣ್ಣದ ಕೊಡೆಗಳು. ಇಸ್ತ್ರಿ ಮಾಡಿದ ಅಂಗಿ, ನೀರು ಹಾಕಿ ಬಾಚಿದ ತಲೆ, ಕಿವಿಯ ಹಿಂದೆ ಮಾತ್ರ ತೊಳೆದರೂ ಹೋಗದ ಮರದ ಹುಡಿ.

ಒಂದು ವಾಚನಾಲಯದ ಮಾಳಿಗೆಯಲ್ಲಿ ಪಾಠ. ಮೆಟ್ಟಿಲ ಬುಡದಲ್ಲಿ ಇಪ್ಪತ್ತೆರಡು ಜೊತೆ ಚಪ್ಪಲಿ ಎಣಿಸಿದೆ. ಕಲಿಸುವ ಟೀಚರ್ ಬಹಳ ವರ್ಷ ಸಾಕ್ಷರತಾ ಪ್ರೇರಕಿಯಾಗಿ ದುಡಿದವರು, ಐವತ್ತು ದಾಟಿದವರು, ಕೊಡೆಯನ್ನು ಮೂಲೆಗೆ ಒರಗಿಸಿ ಮೊದಲು ಎಲ್ಲರ ಊಟ ಆಯಿತಾ ಎಂದು ವಿಚಾರಿಸಿಕೊಂಡರು. ಅವರ ಚೀಲದಲ್ಲಿ ರಟ್ಟಿಗೆ ಅಂಟಿಸಿ ಹೊಲಿದ ಚಿತ್ರಗಳ ಪುಸ್ತಕ ಇತ್ತು. ಸೇಬು ಇಲ್ಲ, ಗಾಳಿಪಟ ಇಲ್ಲ. ಕರಣೆ, ಗಮ್‌ಬೂಟು, ಗ್ಯಾಸ್ ಸಿಲಿಂಡರು, ಬಾಡಿಗೆ ಕೋಣೆಯ ಬೀಗ, ಆಸ್ಪತ್ರೆಯ ಚೀಟಿ, ಸಂಬಳದ ಲಕೋಟೆ, ಬೆರಳು ತುಂಡಾಗುವ ಯಂತ್ರದ ಮೇಲಿನ ಕೆಂಪು ಗುಂಡಿ. ಪುಟ ಮಗುಚಿದಂತೆ ನನ್ನ ಗಂಟಲು ಕಟ್ಟಿತು. ಅಜ್ಜಿಗೆ ಬೇಕಿದ್ದದ್ದು ಇಂಥ ಪುಸ್ತಕ.

"ಇದ್ ಎಂದಾಣ್?" ಎಂದು ಟೀಚರ್ ಚಿತ್ರ ಎತ್ತಿ ಹಿಡಿದರು. ಕಂಬಳಿ ಹೊದ್ದು ಮಲಗಿದ ಒಬ್ಬ, ಹಣೆಯ ಮೇಲೆ ಒದ್ದೆ ಬಟ್ಟೆ. "ಪನಿ," ಎಂದರು ತಾವೇ. ಮಲಯಾಳದಲ್ಲಿ ಪನಿ ಎಂದರೆ ಜ್ವರ. ಇನ್ನೊಂದು ಚಿತ್ರ: ಇಟ್ಟಿಗೆ ಹೊತ್ತ ಒಬ್ಬ. "ಪಣಿ." ಎಂದರೆ ಕೆಲಸ. ಎರಡಕ್ಕೂ ನಡುವೆ ಇರುವುದು ನಾಲಿಗೆ ಒಂದಿಷ್ಟು ಮಡಚುವ ಅಂತರ. ಬಂಗಾಳದಿಂದ ಬಂದವರ ಮಾತಿನಲ್ಲಿ ಣಕಾರ ಸವೆದು ನಕಾರವೇ ಆಗಿರುವುದರಿಂದ ಅವರಿಗೆ ಎರಡೂ ಒಂದೇ. ಮೇಸ್ತ್ರಿಯ ಹತ್ತಿರ ಕೆಲಸ ಇಲ್ಲವಾ ಎಂದು ಕೇಳಲು ಹೋದವನು ಜ್ವರ ಇಲ್ಲವಾ ಎಂದು ಕೇಳಿ ಬರುತ್ತಾನೆ. ಸಾಲದೆಂಬಂತೆ ಅವರ ತಲೆಯೊಳಗೆ ಹಿಂದಿಯ ಪಾನಿ ಕೂತಿದೆ, ಅದು ನೀರು. ಒಡಿಶಾದವರಿಗೆ ನೀರು ಪಾಣಿ, ಹಾಗಾಗಿ ನಾಲಿಗೆ ಸುಲಭವಾಗಿ ಮಡಚುತ್ತದೆ, ಅರ್ಥ ಮಾತ್ರ ಬಾವಿಗೆ ಬೀಳುತ್ತದೆ. ಹಿಂದಿನ ಬೆಂಚಿನಲ್ಲಿದ್ದ ನನ್ನ ಕಿವಿಗೆ ಹಳಗನ್ನಡದ ಪನಿ ಕೇಳಿಸಿತು, ನಮ್ಮ ಹನಿ. ಒಂದು ಸಣ್ಣ ಮಾತಿನ ಸುತ್ತ ಇಡೀ ದೇಶ ಕೂತಿತ್ತು. ಟೀಚರ್ ವ್ಯಾಕರಣ ಹೇಳಲಿಲ್ಲ. ಮೂರು ಚಿತ್ರಗಳನ್ನು ಬೆಂಚಿನ ಮೇಲೆ ಹರಡಿದರು: ಕಂಬಳಿ, ಇಟ್ಟಿಗೆ, ಕೊಡ. ಒಬ್ಬ ಕೂಗಬೇಕು, ಇನ್ನೊಬ್ಬ ಓಡಿ ಬಂದು ಮುಟ್ಟಬೇಕು. ಮೀಸೆ ಬಂದವರು, ಮಕ್ಕಳ ತಂದೆಯರು, ಬೆಂಚಿಗೆ ಡಿಕ್ಕಿ ಹೊಡೆದು ನಗುತ್ತಾ ಜ್ವರ ಮುಟ್ಟಿದರು, ಕೆಲಸ ಮುಟ್ಟಿದರು, ನೀರು ಮುಟ್ಟಿದರು. ಹತ್ತನೆಯ ಸುತ್ತಿಗೆ ನಾಲಿಗೆಗಳು ತಾವಾಗಿ ಮಡಚತೊಡಗಿದವು.

ಬರೆಯುವ ಪಾಠ ಅಆಇಈಯಿಂದ ಶುರುವಾಗುವುದಿಲ್ಲ. ಕೇರಳದ ಹಳೆಯ ಒಂದನೆಯ ಪಾಠ ತಱ, ಪಱ, ಪನ. ಮರದ ಬುಡದ ಕಟ್ಟೆ, ಭತ್ತ ಅಳೆಯುವ ಕೊಳಗ, ತಾಳೆಮರ. ಈ ಱ ಹಳಗನ್ನಡದಲ್ಲಿದ್ದು ನಾವು ಕಳೆದುಕೊಂಡ ಅಕ್ಷರ, ಮಲಯಾಳದಲ್ಲಿ ಅದು ಬೋರಲು ಹಾಕಿದ ಬಟ್ಟಲಿನಂಥ ಒಂದೇ ಕಮಾನು. ಕೈ ಹೊರಳುವಷ್ಟು ಸುಲಭದ ಆಕಾರಗಳು ಮೊದಲು, ತೊಡಕಿನವು ಆಮೇಲೆ. ಟೀಚರ್ ಕಮಾನು ಬರೆದು ಅದನ್ನೇ ಗಮ್‌ಬೂಟಿನ ಚಿತ್ರದ ತುದಿಯ ಮೇಲೆ ಇಟ್ಟು ತೋರಿಸಿದರು. ಮೂವತ್ತು ವರ್ಷದ ಕೈಯೊಂದು, ಗಾರೆಯಿಂದ ಬಿರಿದ ಕೈ, ಪೆನ್ಸಿಲನ್ನು ಕರಣೆಯಂತೆ ಹಿಡಿದು ಆ ಕಮಾನನ್ನು ಬಳಿಯಿತು.

ಟೀಚರಿಗೆ ನೆರವಾಗಲು ಬಂದ ಹುಡುಗನೊಬ್ಬನಿದ್ದ. ಚೀನದಲ್ಲಿ ವೈದ್ಯಕೀಯ ಓದಿ ಬಂದವನು, ಅಲ್ಲಿ ಓದಿದವರು ಇಲ್ಲಿ ಬರೆಯಬೇಕಾದ ಪರೀಕ್ಷೆಗೆ ತಯಾರಾಗುತ್ತಿರುವವನು. ಪಾಠಗಳೇನೋ ಇಂಗ್ಲಿಷಿನಲ್ಲಿದ್ದವಂತೆ, ಆದರೆ ವಾರ್ಡಿನಲ್ಲಿ ರೋಗಿ ಎಲ್ಲಿ ನೋವು ಎಂದು ಹೇಳುವುದು ಚೀನೀಯಲ್ಲಿ. ಹತ್ತೊಂಬತ್ತರ ವಯಸ್ಸಿನಲ್ಲಿ ಅವನು ಆ ನುಡಿಗೆ ಕಾಲಿಟ್ಟದ್ದು ಫುಟ್‌ಪಾತಿನಲ್ಲಿ ಕೊಂಡ ಒಂದು ಚಿತ್ರಪುಸ್ತಕದಿಂದ. ಅದನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟ. ಅಂಚು ಮುದುಡಿದೆ, ಒಳಗೆಲ್ಲ ಪೆನ್ಸಿಲಿನಲ್ಲಿ ಮಲಯಾಳದ ಟಿಪ್ಪಣಿ. ಚಿತ್ರ ನೋಡಿ ಅಕ್ಷರ ಗುರುತಿಸು ಎಂಬ ಅರ್ಥದ ನಾಲ್ಕಕ್ಷರದ ಹೆಸರು. ಮರದ ಗುರುತು ಒಂದಿದ್ದರೆ ಮು, ಮರ. ಪಕ್ಕದಲ್ಲಿ ಇನ್ನೊಂದು ನಿಂತರೆ ಲಿನ್, ತೋಪು. ಮೂರು ಗುಂಪಾದರೆ ಸೆನ್, ಕಾಡು. ಮಳೆಯ ಗುರುತು ಕಿಟಕಿಯಂಥ ಒಂದು ಚೌಕಟ್ಟು, ಒಳಗೆ ನಾಲ್ಕು ಹನಿ. "ಮಾ" ಎಂಬುದನ್ನು ಏರುದನಿ ಇಲ್ಲದೆ ಎಳೆದರೆ ಅಮ್ಮ, ತಗ್ಗಿಸಿ ಎತ್ತಿದರೆ ಕುದುರೆ. ಪುಸ್ತಕದಲ್ಲಿ ಅಮ್ಮನ ಚಿತ್ರ ಒಂದು ಪುಟ, ಕುದುರೆಯದು ಎದುರು ಪುಟ. ಪನಿ ಪಣಿಗಳ ಕಷ್ಟ ತನಗೆ ಚೆನ್ನಾಗಿ ಗೊತ್ತು ಎಂದ. ಎಲ್ಲ ಚಿತ್ರಗಳೂ ಕೆಲಸಕ್ಕೆ ಬರಲಿಲ್ಲವಂತೆ. ಕರಡಿಮರಿಯ ಪುಟಗಳನ್ನು ಹಾರಿಸಿ, ಕೊನೆಗೆ ಹೊಟ್ಟೆನೋವು, ಕೆಮ್ಮು, ಸೂಜಿ, ಹಾಸಿಗೆಗಳ ಚಿತ್ರವನ್ನು ತಾನೇ ಬರೆದು ಅಂಟಿಸಿಕೊಂಡಿದ್ದ. ಆ ಅಂಟಿಸಿದ ಪುಟಗಳನ್ನು ನೋಡಿಯೇ ಟೀಚರ್ ತಮ್ಮ ರಟ್ಟಿನ ಪುಸ್ತಕಕ್ಕೆ ಕೈ ಹಾಕಿದ್ದು.

ಚೀನದಲ್ಲಿ ಈ ದಾರಿ ಹಳೆಯದು. 1436ರಲ್ಲಿ, ಎಂದರೆ ಝೆಂಗ್ ಹೆಯ ಕೊನೆಯ ಯಾನ ಮುಗಿದ ಮೂರೇ ವರ್ಷಕ್ಕೆ, ಅಲ್ಲಿ ಅಚ್ಚಾದ ಒಂದು ಪಾಠಪುಸ್ತಕದಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿವೆ. ನೀತಿ ಬೋಧೆ ಇಲ್ಲ, ಮನೆಯ ಸಾಮಾನು, ಕಸುಬಿನ ಹತಾರ, ಪ್ರಾಣಿ, ಗಿಡ, ಪಕ್ಕದಲ್ಲಿ ಅದರ ಹೆಸರು, ಅಷ್ಟೇ. ಯುರೋಪಿನ ಚಿತ್ರಪಾಠಗಳಿಗೆ ಮೂಲಪುರುಷ ಎನ್ನಿಸಿಕೊಂಡ ಕೊಮೆನಿಯಸ್‌ನ ಪುಸ್ತಕ ಬಂದದ್ದು 1658ರಲ್ಲಿ. ಬ್ರೆಜಿಲ್‌ನ ಆಂಜಿಕೋಸ್‌ನಲ್ಲಿ 1963ರಲ್ಲಿ ಶಿಕ್ಷಣ ಚಿಂತಕ ಪೌಲೋ ಫ್ರೇರೆ 300 ಮಂದಿ ಕೂಲಿಗಳಿಗೆ ಅಕ್ಷರ ಕಲಿಸಲು ಹೊರಟಾಗ ಗೋಡೆಯ ಮೇಲೆ ಬೀಳಿಸಿದ್ದೂ ಅವರ ಬದುಕಿನ ಚಿತ್ರಗಳನ್ನೇ. ಇಟ್ಟಿಗೆ ಎಂಬ ಮಾತನ್ನು ಒಡೆದು ಅಕ್ಷರ, ಅಕ್ಷರ ಕೂಡಿಸಿ ಮತ್ತೆ ಬೇರೆ ಮಾತು.

ಕೊಚ್ಚಿ, ಪೆರುಂಬಾವೂರುಗಳಿರುವ ಎರ್ನಾಕುಳಂ ಜಿಲ್ಲೆಗೂ ದೊಡ್ಡವರ ಅಕ್ಷರಪಾಠ ಹೊಸತಲ್ಲ. 1989ರ ಜನವರಿ 26ರಿಂದ ಒಂದು ವರ್ಷ ಇಡೀ ಜಿಲ್ಲೆಯೇ ಶಾಲೆಯಾಗಿತ್ತು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಕಾರ್ಯಕರ್ತರು, ವಿದ್ಯಾರ್ಥಿಗಳು, ಗೃಹಿಣಿಯರು, ಸಾವಿರಾರು ಮಂದಿ ಬಿಡಿಗಾಸೂ ಪಡೆಯದೆ ಸಂಜೆ ಲಾಟೀನು ಹಿಡಿದು ದೋಣಿಯಲ್ಲಿ, ಕಾಲುದಾರಿಯಲ್ಲಿ ಮನೆಮನೆಗೆ ಹೋದರು. ಅಕ್ಷರ ತಲೆಗೆ ಹತ್ತುತ್ತಿಲ್ಲ ಎಂದ ಎಷ್ಟೋ ಮುದುಕರಿಗೆ ನಿಜಕ್ಕೂ ಕಣ್ಣು ಕಾಣುತ್ತಿರಲಿಲ್ಲ. ತಪಾಸಣೆ ಮಾಡಿಸಿ ಸಾವಿರ ಸಾವಿರ ಕನ್ನಡಕ ಹಂಚಿದ ಮೇಲೆ ಪುಟದ ಮೇಲಿನ ಮಸುಕು ಮೊದಲು ಚಿತ್ರವಾಯಿತು, ಆಮೇಲೆ ಅಕ್ಷರವಾಯಿತು. 1990ರ ಫೆಬ್ರವರಿ 4ರಂದು ಪ್ರಧಾನಿ ವಿ. ಪಿ. ಸಿಂಗ್ ಬಂದು ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಸಾರಿದರು. ಮುಂದಿನ ವರ್ಷ ಏಪ್ರಿಲ್ 18ರಂದು ಕೋಝಿಕ್ಕೋಡಿನ ಮಾನಾಂಚಿಱದಲ್ಲಿ ಇಡೀ ಕೇರಳದ ಸಾಕ್ಷರತೆಯನ್ನು ಸಾರಿದವರು ಮಂತ್ರಿಯಲ್ಲ, ಆಗಷ್ಟೇ ಅಕ್ಷರ ಕಲಿತಿದ್ದ ಚೇಲಕ್ಕೋಡನ್ ಆಯಿಷಾ. ಆ ದಿನಗಳಲ್ಲಿ ಲಾಟೀನು ಹಿಡಿದವರಲ್ಲಿ ಈ ಟೀಚರ್ ಕೂಡ ಒಬ್ಬರು, ಆಗ ಲಂಗ ತೊಡುವ ಹುಡುಗಿ. ಅದನ್ನು ಅವರು ನಾನಾಗಿ ಕೇಳಿದ ಮೇಲೆ ಹೇಳಿದರು, ಹೇಳುವಾಗಲೂ ಪೆನ್ಸಿಲು ಚೂಪು ಮಾಡುತ್ತಲೇ ಇದ್ದರು.

ನಾಲ್ಕು ಗಂಟೆಯ ಹೊತ್ತಿಗೆ ಮಾಳಿಗೆಯೊಳಗೆ ಕತ್ತಲಾಯಿತು. ಟೀಚರ್ ಮುಂದಿನ ಚಿತ್ರಕ್ಕೆಂದು ಪುಟ ಮಗುಚಿದರು, ಕೊಡೆ ಹಿಡಿದ ಹೆಂಗಸು, ಓರೆ ಗೀಟುಗಳು. ಅದನ್ನು ಎತ್ತಿ ಹಿಡಿಯುವ ಮೊದಲೇ ಹೊರಗೆ ತಗಡಿನ ಮೇಲೆ ಹಿಡಿ ಹಿಡಿ ಹುರುಳಿ ಚೆಲ್ಲಿದ ಸದ್ದು. ಅವರು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ಬೆರಳು ಮಾಡಿದರು.

"ಮೞ."

ಹಳಗನ್ನಡದಿಂದ ನಾವು ಕಳೆದುಕೊಂಡ ಇನ್ನೊಂದು ಅಕ್ಷರ ಈ ೞ. ನಾಲಿಗೆಯನ್ನು ಒಳಗೆ ಹೊರಳಿಸಿ, ಎಲ್ಲೂ ತಾಗಿಸದೆ, ಗಾಳಿಯನ್ನು ಜಾರಲು ಬಿಡಬೇಕು. ಮುಂದಿನ ಸಾಲಿನವನು "ಮಲ" ಎಂದ, ಅದು ಬೆಟ್ಟ. ಇನ್ನೊಬ್ಬ "ಮರ" ಎಂದ. ಮತ್ತೊಬ್ಬ "ಮಯ" ಎಂದು ನಿಲ್ಲಿಸಿದ. ನಾನೂ ಬಾಯಿ ತೆರೆದೆ, ನನಗೆ ಬಂದದ್ದು ನಮ್ಮ ಮಳೆಯ ಳಕಾರವೇ. ಟೀಚರ್ ತಲೆಯಾಡಿಸಿ ಮತ್ತೆ ತೋರಿಸಿದರು. ಎಲ್ಲರೂ ಎದ್ದು ಕಿಟಕಿಯ ಹತ್ತಿರ ಹೋದೆವು. ಗಲ್ಲಿಯಲ್ಲಿ ಮೀನಿನವರು ತಾಡಪತ್ರಿ ಎಳೆಯುತ್ತಿದ್ದರು, ಕೊಡೆಗಳು ಬಿಚ್ಚಿಕೊಳ್ಳುತ್ತಿದ್ದವು, ಬೀದಿ ಮೆಲ್ಲಗೆ ಹೊಳೆಯಾಗುತ್ತಿತ್ತು. ಚೌಕಟ್ಟಿನ ಗಾಜಿನ ಮೇಲೆ ಹನಿಗಳು ಇಳಿಯುತ್ತಿದ್ದವು. ವೈದ್ಯಕೀಯ ಓದಿದ ಹುಡುಗ ಮಂಜು ಕಟ್ಟಿದ ಗಾಜಿನ ಮೂಲೆಯಲ್ಲಿ ಬೆರಳಿನಿಂದ ಏನೋ ಬರೆದು ಒರೆಸಿದ. ಪಕ್ಕದಲ್ಲಿ ಕಿವಿಯ ಹಿಂದೆ ಮರದ ಹುಡಿಯಿದ್ದವನು ತನಗೆ ತಾನೇ, ತುಟಿಯಲ್ಲಿ ಮಾತ್ರ, ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ. ಏಳನೆಯದೋ ಎಂಟನೆಯದೋ ಸಲಕ್ಕೆ ಆ ಅಕ್ಷರ ಅವನ ಬಾಯಿಂದ ಸರಿಯಾಗಿ ಜಾರಿ ಬಂತು. ಅವನು ಟೀಚರ್ ಕಡೆ ತಿರುಗಿ ನೋಡಿದ. ಮಳೆಯ ಸದ್ದಿನಲ್ಲಿ ಅವರಿಗೆ ಕೇಳಿಸಿರಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ.